ಗುರುವಿನ ಗಾದಿ ಮೇಲೆ ಗ್ರಂಥ ಕೂತ ಕಥಿ

ಇವತ್ತು ಒಂದು ಪುಸ್ತಕದ ಕಥಿ. ಆದ್ರೆ ಸಿಖ್ಖರು ಅದನ್ನ ಬರೀ ಪುಸ್ತಕ ಅನ್ನಂಗಿಲ್ಲ. ಗುರು ಅಂತಾರೆ.

ನಮ್ಮ ಕಡೆ ಗುರು ಅಂದ್ರೆ ಮಠದ ಅಜ್ಜಾರು. ಒಬ್ಬರ ನಂತರ ಇನ್ನೊಬ್ಬರು ಪೀಠಕ್ಕೆ ಬರ್ತಾರೆ. ಅವರು ಒಂದು ಮಾತು ಹೇಳಿದ್ರೆ ಊರಿನ ಜಗಳ ಅರ್ಧ ಮುಗಿದಂಗ. ಸಿಖ್ಖರಲ್ಲೂ ಮೊದಲು ಹಿಂಗೇ ಇತ್ತು. ಗುರು ನಾನಕರಿಂದ ಶುರುವಾಗಿ ಹತ್ತು ಜನ ಗುರುಗಳು ಒಬ್ಬರಾದ ಮೇಲೆ ಒಬ್ಬರು ಬಂದರು. ಹನ್ನೊಂದನೆಯವರ ಜಾಗಕ್ಕೆ ಬಂದಿದ್ದು ಮನುಷ್ಯರಲ್ಲ, ಗ್ರಂಥ.

ಯಾಕೆ? ಪೀಠ ಇದ್ದಲ್ಲಿ ಪೈಪೋಟಿ ಇರ್ತದ. ಐದನೇ ಗುರು ಅರ್ಜನರಿಗೆ ಸ್ವಂತ ಅಣ್ಣ ಪೃಥಿ ಚಂದನೇ ಎದುರಾಳಿ. ಎಂಟನೇ ಗುರು ಹರ್ ಕಿಶನ್ 1664 ರಲ್ಲಿ ತೀರಿಕೊಂಡಾಗ, ಬಕಾಲಾ ಅನ್ನೋ ಊರಲ್ಲಿ 22 ಜನ 'ನಾನೇ ಗುರು' ಅಂತ ಗಾದಿ ಹಾಕಿ ಕೂತಿದ್ರು ಅಂತ ಸಿಖ್ ಪರಂಪರೆ ಹೇಳ್ತದ.

ಗುರುಗಳ ಹೆಸರಲ್ಲಿ ಬೇರೆಯವರು ಕಟ್ಟಿದ ಪದಗಳೂ ಓಡಾಡ್ತಿದ್ದವು. ಅದಕ್ಕೇ ಗುರು ಅರ್ಜನರು ಅಸಲಿ ಪದಗಳನ್ನ ಒಟ್ಟು ಮಾಡಿಸಿದ್ರು. ಬರೆದವರು ಭಾಯಿ ಗುರುದಾಸ್. 1604 ರಲ್ಲಿ ಆ ಗ್ರಂಥವನ್ನ ಅಮೃತಸರದ ಹರಿಮಂದಿರದಲ್ಲಿ ಇಟ್ಟರು. ನನ್ನಂಥ ಕಾಮರ್ಸ್ ಓದಿದವರಿಗೆ ಇಷ್ಟ ಆಗೋ ಒಂದು ವಿಷಯ ಇದರಾಗ ಐತಿ. ಪದಗಳಿಗೆಲ್ಲ ಅಂಕಿ ಹಾಕಿ, ಅಲ್ಲಲ್ಲಿ ಒಟ್ಟು ಲೆಕ್ಕ ಬರೆದಿದ್ದಾರೆ, ಥೇಟ್ ಖಾತೆ ಪುಸ್ತಕದಂಗ. ನಡುವೆ ಒಂದು ಪದ ತುರುಕಿದ್ರೂ ಲೆಕ್ಕ ತಪ್ಪಿ ಸಿಕ್ಕಿಬೀಳ್ತದ.

ಒಳಗೆ ಯಾರ್ಯಾರ ಮಾತಿದೆ ನೋಡ್ರಿ. ಗುರುಗಳದ್ದಷ್ಟೇ ಅಲ್ಲ. ನೇಕಾರ ಕಬೀರ, ಚರ್ಮದ ಕೆಲಸದ ರವಿದಾಸ, ಸೂಫಿ ಫರೀದ, ಜೊತೆಗೆ ನಾಮದೇವ. ಹೌದ್ರೀ, ನಮ್ಮ ಊರುಗಳಿಂದ ಆಷಾಢಿಗೆ ದಿಂಡಿ ಹೋಗ್ತಾವಲ್ಲ, ಅದೇ ಪಂಢರಪುರದ ನಾಮದೇವ. ನಮ್ಮ ಕಡೆಯ ನಾಮದೇವ ಸಿಂಪಿ ಸಮಾಜದವರು ಪೂಜಿಸೋ ಸಂತ. ಅವನ 61 ಪದಗಳು ಅಲ್ಲಿವೆ. ಅಂದ್ರೆ ಪಂಜಾಬಿನ ಗುರುದ್ವಾರದಲ್ಲಿ ಗ್ರಂಥಕ್ಕೆ ತಲೆ ಬಾಗಿಸೋರು ಒಬ್ಬ ಸಿಂಪಿಗನ ಮಾತಿಗೂ ತಲೆ ಬಾಗಿಸ್ತಾರೆ.

ಈಗ ಕರ್ನಾಟಕಕ್ಕೆ ಬರೋಣ. ಬೆಳಗಾವಿ ರಾಜ್ಯದ ವಾಯವ್ಯದ ತುದಿ, ಬೀದರ್ ಈಶಾನ್ಯದ ತುದಿ. ಬೀದರಿನಲ್ಲಿ ಗುರು ನಾನಕ್ ಝೀರಾ ಸಾಹಿಬ್ ಇದೆ. ನಾನಕರು ಬಂದಾಗ ಅಲ್ಲಿ ಸಿಹಿ ನೀರಿನ ಬುಗ್ಗೆ ಹುಟ್ಟಿತು ಅನ್ನೋದು ಭಕ್ತರ ನಂಬಿಕೆ. 1699 ರ ಬೈಸಾಖಿ ದಿನ ಹತ್ತನೇ ಗುರು ಗೋವಿಂದ ಸಿಂಗರು ಆನಂದಪುರದಲ್ಲಿ 'ತಲೆ ಕೊಡೋರು ಯಾರು?' ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಸಾಹಿಬ್ ಚಂದ್. ಪರಂಪರೆ ಪ್ರಕಾರ ಅವರು ಬೀದರಿನವರು, ಕ್ಷೌರಿಕ ಕುಟುಂಬದವರು. ಆ ಐವರಿಗೆ ದೀಕ್ಷೆ ಕೊಟ್ಟ ಗುರು, ಆಮೇಲೆ ಅದೇ ಐವರಿಂದ ತಾವೂ ದೀಕ್ಷೆ ತಗೊಂಡ್ರು. ಗುರುವಿನ ಅಧಿಕಾರ ಒಬ್ಬರ ಕೈಯಿಂದ ಜನರ ಕಡೆ ಸರಿಯೋಕೆ ಶುರುವಾಗಿತ್ತು.

ಗೋವಿಂದ ಸಿಂಗರ ನಾಲ್ಕೂ ಗಂಡುಮಕ್ಕಳು ಅವರು ಬದುಕಿರುವಾಗಲೇ ಹೋದರು. 1708 ರ ಅಕ್ಟೋಬರ್‌ನಲ್ಲಿ, ಗೋದಾವರಿ ದಂಡೆಯ ನಾಂದೇಡದಲ್ಲಿ, ಹಂತಕರ ಇರಿತದ ಗಾಯದಿಂದ ಅವರೂ ತೀರಿಕೊಂಡರು. ಅದಕ್ಕೆ ಮೊದಲು ಹೇಳಿದ್ದು ಇಷ್ಟು: ಇನ್ನು ಮುಂದೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು.

ದಿನದ ಬದುಕಿನಲ್ಲಿ ಇದು ಹೆಂಗ ನಡೀತದ? 1430 ಪುಟಗಳ ಗ್ರಂಥವನ್ನ ಬೆಳಗಿನ ಜಾವ ಮೇಲ್ಕಟ್ಟಿನ ಕೆಳಗೆ ತೆರೀತಾರೆ, ಚಾಮರ ಬೀಸ್ತಾರೆ, ರಾತ್ರಿ ವಿಶ್ರಾಂತಿಗೆ ಒಯ್ತಾರೆ. ತೆರೆದಾಗ ಸಿಕ್ಕ ಪದವೇ ಆ ದಿನದ ಆಜ್ಞೆ, ಅದಕ್ಕೆ ಹುಕಮ್ ಅಂತಾರೆ. ಮದುವೆಯಲ್ಲಿ ಗಂಡು ಹೆಣ್ಣು ಅದರ ಸುತ್ತ ನಾಲ್ಕು ಸುತ್ತು ಬರ್ತಾರೆ.

ಆದ್ರೆ ಗ್ರಂಥ ಎದ್ದು ಮಾತಾಡಲ್ಲ. ಅರ್ಥ ಹೇಳೋರು ಯಾರು? ಗುರುವಿನ ಅಧಿಕಾರ ಗ್ರಂಥದ್ದು, ಅದರ ಎದುರು ಕೂತು ತೀರ್ಮಾನ ಮಾಡೋದು ಪಂಥ, ಅಂದ್ರೆ ಸಮುದಾಯ. ಗ್ರಂಥಿ ಓದೋರು, ನೋಡಿಕೊಳ್ಳೋರು, ಅಷ್ಟೇ. ಅವರು ಗುರುವಲ್ಲ. ಗಂಡಸರು, ಹೆಂಗಸರು ಯಾರು ಬೇಕಾದರೂ ಓದಬಹುದು. ಹಂಗಂತ ಜಗಳ ನಿಂತಿಲ್ಲ. 2015 ರಲ್ಲಿ ಪಂಜಾಬಿನ ಬರ್ಗಾಡಿಯಲ್ಲಿ ಗ್ರಂಥದ ಹರಿದ ಹಾಳೆಗಳು ಸಿಕ್ಕಾಗ ಪ್ರತಿಭಟನೆ ನಡೀತು, ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಹೊರಗಿನವರಿಗೆ ಕಾಗದ ಹರಿದದ್ದು ಕಾಣ್ತದ. ಅವರಿಗೆ ಅದು ಗುರುವಿನ ಮೈಮೇಲೆ ಆದ ಹಲ್ಲೆ.

ಕಾನೂನಿಗೂ ಈ ಪ್ರಶ್ನೆ ಬಂತು. ಬಿ.ಕಾಂ. ಮಾಡಿದವರಿಗೆ ಕಂಪನಿ ಕಾಯ್ದೆಯ ಮೊದಲ ಪಾಠ ನೆನಪಿರಬೇಕು: ಕಂಪನಿಗೆ ಉಸಿರಿಲ್ಲ, ಆದ್ರೂ ಕಾನೂನಿನ ಕಣ್ಣಲ್ಲಿ ಅದು ವ್ಯಕ್ತಿ. ಅದರ ಹೆಸರಲ್ಲಿ ಆಸ್ತಿ ಇರಬಹುದು. ಪಂಜಾಬಿನ ಒಂದು ಹಳ್ಳಿಯ ಜಮೀನು ಗ್ರಂಥದ ಹೆಸರಲ್ಲೇ ದಾಖಲಾಗಿತ್ತು. ಅದು ನಡೆಯೋದಿಲ್ಲ ಅಂತ ಹೈಕೋರ್ಟ್ ಅಂದಿತು. 2000 ದ ಮಾರ್ಚ್ 29 ರಂದು ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕಿ, ಗುರು ಗ್ರಂಥ ಸಾಹಿಬ್ ಕಾನೂನು ಪ್ರಕಾರ ವ್ಯಕ್ತಿಯೇ ಅಂದಿತು. ಹಂಗಂತ ಇದು ಮೂರ್ತಿ ಅಲ್ಲ, ಎಲ್ಲ ಧರ್ಮಗ್ರಂಥಗಳಿಗೂ ಈ ಸ್ಥಾನ ಬರೋದಿಲ್ಲ ಅಂತಲೂ ಬಿಡಿಸಿ ಹೇಳಿತು.

ನಮ್ಮಲ್ಲಿ ವಚನದ ಓಲೆಗರಿ ಕಟ್ಟುಗಳು ಎಷ್ಟೋ ಮನೆಗಳ ಜಗಲಿ ಮೇಲೆ ಪೂಜೆ ಮಾಡಿಸಿಕೊಳ್ತಾ ಇದ್ದವು, ಓದೋರು ಕಡಿಮೆ. ಫ.ಗು. ಹಳಕಟ್ಟಿ ಅವನ್ನ ಹುಡುಕಿ ತಂದು, 1923 ರಲ್ಲಿ ನಮ್ಮ ಬೆಳಗಾವಿಯಲ್ಲೇ ವಚನಶಾಸ್ತ್ರಸಾರ ಅಚ್ಚು ಹಾಕಿಸಿದ್ರು. ಆಮೇಲೆ ಸಾಮಾನ್ಯ ಮನುಷ್ಯನೂ 'ಬಸವಣ್ಣ ಹಿಂಗ ಹೇಳ್ಯಾನಲ್ರೀ' ಅಂತ ದೊಡ್ಡವರನ್ನ ಕೇಳೋ ಹಂಗಾಯ್ತು.

ಗ್ರಂಥಕ್ಕೆ ಅಧಿಕಾರ ಬರೋದು ರೇಷ್ಮೆ ಬಟ್ಟೆಯಿಂದ ಅಲ್ರೀ. ಪೀಠದ ಮೇಲೆ ಇರೋರೂ, ಕೆಳಗೆ ಕೂತೋರೂ ಒಂದೇ ಪುಟ ತೆಗೆದು ಓದಬಹುದು ಅನ್ನೋದರಿಂದ. ನಿಮ್ಮ ಮನೆ ಜಗಲಿ ಮೇಲೆ ಯಾವ ಪುಸ್ತಕ ಐತಿ, ಅದನ್ನ ಕೊನೇ ಸಲ ತೆರೆದವರು ಯಾರು? ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ವಾರ ಸಿಗೋಣ.