ಆಕ್ಸ್‌ಫರ್ಡಿನ ಚೀನೀ ಸಮುದ್ರನಕಾಶೆ

ದೊಡ್ಡ ವಿಶ್ವವಿದ್ಯಾನಿಲಯಗಳ ಪುಸ್ತಕಭಾಂಡಾರಗಳಲ್ಲಿ ಗ್ರಂಥಗಳಲ್ಲದೆ ಪ್ರಾಚೀನ ನಕಾಶೆಗಳೂ ಸಂಗ್ರಹವಾಗಿರುವುದುಂಟು. ಆದರೆ ಪುಸ್ತಕಕ್ಕಿರುವ ಅನುಕೂಲವು ನಕಾಶೆಗಿಲ್ಲ. ಪುಸ್ತಕವು ಕಪಾಟಿನಲ್ಲಿ ನಿಂತು ಬೆನ್ನಿನ ಮೇಲಿನ ಹೆಸರಿನಿಂದಲೇ ತನ್ನ ಗುರುತನ್ನು ಹೇಳಿಕೊಳ್ಳುತ್ತದೆ. ಸುರುಳಿ ಸುತ್ತಿ ಒಳಗಿಟ್ಟ ನಕಾಶೆಯಾದರೋ, ಯಾರಾದರೂ ಬಂದು ಬಿಚ್ಚಿ ಹಾಸುವವರೆಗೆ ಮೂಕವಾಗಿಯೇ ಇರಬೇಕು. ಬಿಚ್ಚಿ ಹಾಸಿದರೆ ಬೆಳಕೂ ಗಾಳಿಯೂ ಅದನ್ನು ಸವೆಯಿಸುತ್ತವೆ. ತೋರಿಸಿದರೆ ಕೆಡುವುದು, ತೋರಿಸದಿದ್ದರೆ ಮರೆತುಹೋಗುವುದು. ನಕಾಶೆಗಳನ್ನು ಕಾಯುವವರ ಇಕ್ಕಟ್ಟು ಇದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಬಾಡ್ಲಿಯನ್ ಭಾಂಡಾರದಲ್ಲಿರುವ ಒಂದು ಚೀನೀ ನಕಾಶೆಗೆ ಈ ಎರಡು ಗತಿಗಳೂ ಒದಗಿದವು.

ಸರ್ ಥಾಮಸ್ ಬಾಡ್ಲೆಯು ಕಟ್ಟಿದ ಆ ಭಾಂಡಾರವು 1602ರಲ್ಲಿ ತೆರೆಯಿತು. ಅಲ್ಲಿಯ ಪುಸ್ತಕಗಳನ್ನು ಹೊರಗೆ ಕೊಡತಕ್ಕದ್ದಲ್ಲವೆಂಬ ನಿಯಮವು ಎಷ್ಟು ಕಟ್ಟುನಿಟ್ಟಾದುದೆಂದರೆ, 1645ರಲ್ಲಿ ಸಾಕ್ಷಾತ್ ರಾಜನಾದ ಒಂದನೆಯ ಚಾರ್ಲ್ಸನು ಒಂದು ಗ್ರಂಥವನ್ನು ಕೇಳಿ ಕಳುಹಿಸಿದಾಗ ಗ್ರಂಥಪಾಲನು ಒಪ್ಪಲಿಲ್ಲ; ರಾಜನ ಶತ್ರುವಾಗಿದ್ದ ಕ್ರಾಮ್‌ವೆಲ್ಲನು ಅಧಿಕಾರಕ್ಕೆ ಬಂದು 1654ರಲ್ಲಿ ಕೇಳಿದಾಗಲೂ ಅದೇ ಉತ್ತರವೇ ದೊರೆಯಿತು. ಅದೇ 1654ರಲ್ಲಿ ಜಾನ್ ಸೆಲ್ಡನ್ ಎಂಬ ಮಹಾಪಂಡಿತನು ತೀರಿಕೊಂಡನು. ಈತನು ನ್ಯಾಯಶಾಸ್ತ್ರದಲ್ಲಿ ನಿಷ್ಣಾತ, ಪಾರ್ಲಿಮೆಂಟಿನ ಸದಸ್ಯ, ರಾಜನ ಕೋಪಕ್ಕೆ ಗುರಿಯಾಗಿ ಸೆರೆಮನೆಯನ್ನೂ ಕಂಡವನು. ಸಮುದ್ರವು ಎಲ್ಲರಿಗೂ ಸೇರಿದುದೆಂದು ಹಾಲಂಡಿನ ಗ್ರೋಷಿಯಸನು 1609ರಲ್ಲಿ ವಾದಿಸಿದ್ದನು. ಸಮುದ್ರಕ್ಕೂ ಒಡೆತನವು ಸಲ್ಲುವುದೆಂದು ಸೆಲ್ಡನ್ನನು 1635ರಲ್ಲಿ ಗ್ರಂಥವನ್ನೇ ಬರೆದು ಪ್ರತ್ಯುತ್ತರ ಕೊಟ್ಟನು. ಅವನ ಸಂಗ್ರಹವು 1659ರಲ್ಲಿ ಬಾಡ್ಲಿಯನ್ನಿಗೆ ಸೇರಿತು. ಅದರಲ್ಲಿ ಚೀನದ ಒಂದು ಬಣ್ಣದ ನಕಾಶೆಯೂ, ಚೀನದವರೇ ಮಾಡಿದ ಒಂದು ಹಡಗಿನ ದಿಕ್ಸೂಚಿಯೂ ಇದ್ದವು.

ಇವು ಅವನ ಕೈಗೆ ಬಂದ ಬಗೆಯನ್ನು ಸೆಲ್ಡನ್ನನು ತನ್ನ ಮರಣಪತ್ರದಲ್ಲಿ ಮುಚ್ಚಿಡಲಿಲ್ಲ. ಒಬ್ಬ ಇಂಗ್ಲಿಷ್ ನಾವಿಕನು ಇವೆರಡನ್ನೂ ವಶಪಡಿಸಿಕೊಂಡಿದ್ದನು. ದೊಡ್ಡ ಬೆಲೆ ಕೊಡುವೆವು, ಹಿಂದಿರುಗಿಸು ಎಂದು ಬಹಳ ಒತ್ತಾಯ ಮಾಡಿದರೂ ಅವನು ಬಿಟ್ಟುಕೊಡಲಿಲ್ಲ. ಕಳೆದುಕೊಂಡವರ ಹೆಸರು ಆ ಪತ್ರದಲ್ಲಿಲ್ಲ. ಆ ನಕಾಶೆಯು ಅವರಿಗೆ ಎಷ್ಟು ಬೇಕಾಗಿತ್ತೆಂಬುದು ಮಾತ್ರ ಆ ಒಂದು ವಾಕ್ಯದಿಂದ ತಿಳಿಯುತ್ತದೆ. ದಾನವಾಗಿ ಬಂದ ವಸ್ತುವಿನ ಹಿಂದೆ ಇಂಥ ಮಾತೊಂದು ಅಂಟಿಕೊಂಡಿರುವುದನ್ನು ನೋಡುವವರು ಮರೆಯಲಾಗದು.

ಮೊದಮೊದಲು ಅದನ್ನು ಯಾರೂ ಅಲಕ್ಷಿಸಲಿಲ್ಲ. 1687ರಲ್ಲಿ ಷೆನ್ ಫುತ್ಸುಂಗ್ ಎಂಬ ಚೀನದ ಕ್ರೈಸ್ತ ತರುಣನು ಆಕ್ಸ್‌ಫರ್ಡಿಗೆ ಬಂದಾಗ, ಗ್ರಂಥಪಾಲ ಥಾಮಸ್ ಹೈಡನು ಅವನನ್ನು ಕೂರಿಸಿಕೊಂಡು ಊರುಗಳ ಹೆಸರುಗಳನ್ನು ಓದಿಸಿದನು. ಚೀನೀ ಅಕ್ಷರಗಳ ಬದಿಗೆ ಅಂದು ಬರೆದ ಲ್ಯಾಟಿನ್ ಟಿಪ್ಪಣಿಗಳು ಇಂದಿಗೂ ಕಾಣುತ್ತವೆ. ತರುವಾಯ ಅದನ್ನು ದೂರದೇಶದ ಒಂದು ವಿಚಿತ್ರ ವಸ್ತುವೆಂದು ಪ್ರದರ್ಶನಕ್ಕಿಟ್ಟಿದ್ದುಂಟು. ನೋಡಿದವರು ಬಹಳ, ಓದಬಲ್ಲವರು ಇಲ್ಲ. ಕಾಗದವು ಸವೆಯಿತು, ಕುತೂಹಲವೂ ಸವೆಯಿತು. ಕಡೆಗೆ ನಕಾಶೆಯು ಒಳಗೆ ಸೇರಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅದನ್ನು ಭದ್ರಪಡಿಸಬೇಕೆಂಬ ಸದುದ್ದೇಶದಿಂದ ಹಿಂಬದಿಗೆ ದಪ್ಪ ಬಟ್ಟೆಯನ್ನು ಅಂಟಿಸಿದರು. ಬಟ್ಟೆಯ ಬಿಗಿತವನ್ನು ತಾಳಲಾರದೆ ತೆಳು ಕಾಗದವು ಚೂರುಚೂರಾಗಿ ಏಳತೊಡಗಿತು. ರಕ್ಷಣೆಯೇ ರೋಗವಾದಂತಾಯಿತು.

ಹೀಗಿರಲು 2008ರ ಜನವರಿಯಲ್ಲಿ ಅಮೆರಿಕೆಯ ಇತಿಹಾಸಕಾರ ರಾಬರ್ಟ್ ಬ್ಯಾಚೆಲರನು ಆ ಭಾಂಡಾರಕ್ಕೆ ಬಂದು ನಕಾಶೆಯನ್ನು ಕೇಳಿ ತರಿಸಿದನು. ಹಾಸಿ ನೋಡಿದಾಗ ಸಮುದ್ರದ ಮೇಲೆ ಎಳೆದಿದ್ದ ತೆಳು ಗೆರೆಗಳು ಅವನ ಕಣ್ಣಿಗೆ ಬಿದ್ದವು. ಅವು ಹಡಗಿನ ದಾರಿಗಳು! ಹದಿನೇಳನೆಯ ಶತಮಾನದ ಆರಂಭದ ಆ ನಕಾಶೆಯು ಸುಮಾರು 160 ಸೆಂಟಿಮೀಟರು ಉದ್ದ, 96 ಸೆಂಟಿಮೀಟರು ಅಗಲವಾಗಿದೆ. ಚೀನದ ಸಾಮ್ರಾಜ್ಯವು ಅದರ ಮಧ್ಯದಲ್ಲಿಲ್ಲ, ಮೇಲ್ಭಾಗಕ್ಕೆ ಸರಿದಿದೆ. ನಡುವೆ ಇರುವುದು ದಕ್ಷಿಣ ಚೀನ ಸಮುದ್ರ. ಫೂಜಿಯನ್ ಪ್ರಾಂತದ ಕರಾವಳಿಯಿಂದ ಹೊರಟ ಗೆರೆಗಳು ಜಪಾನು, ಮನಿಲಾ, ಜಾವಾ, ಮಲಕ್ಕೆಗಳ ಕಡೆಗೆ ಚಾಚಿಕೊಂಡಿವೆ. ಬೆಟ್ಟಗಳೂ ಗಿಡಮರಗಳೂ ಚಿತ್ರಕಾರನ ಕೈಯವು, ದಿಕ್ಕುಗಳೂ ಅಳತೆಗೋಲೂ ನಾವಿಕನ ಬುದ್ಧಿಯವು. ಇಂದು ಆ ಸಮುದ್ರಕ್ಕಾಗಿ ಹಲವು ರಾಜ್ಯಗಳು ಹೊಡೆದಾಡುತ್ತಿರುವುದರಿಂದ ಇದರಲ್ಲಿ ತಮ್ಮ ಪಕ್ಷಕ್ಕೆ ಸಾಕ್ಷ್ಯವನ್ನು ಹುಡುಕಿದವರೂ ಉಂಟು. ಆದರೆ ನೀರಿನ ಮೇಲೆ ಯಾವ ದೊರೆಯ ಎಲ್ಲೆಗೆರೆಯೂ ಇಲ್ಲ, ಇರುವುದು ವ್ಯಾಪಾರದ ದಾರಿ. ಸಮುದ್ರದ ಒಡೆತನವನ್ನು ಸಾಧಿಸಹೊರಟ ಸೆಲ್ಡನ್ನನ ಮನೆಯಲ್ಲಿಯೇ ಈ ನಕಾಶೆಯಿದ್ದುದು ಸೋಜಿಗವೇ ಸರಿ.

ಮುಂದೆ ಹಳೆಯ ಬಟ್ಟೆಯನ್ನು ಬಿಡಿಸಿ, ಪೂರ್ವದೇಶಗಳ ಪದ್ಧತಿಯ ಮೇರೆಗೆ ಹೊಸ ಕಾಗದದ ಒತ್ತನ್ನು ಕೊಡುವ ಕೆಲಸವು ನಡೆದು 2011ರಲ್ಲಿ ಮುಗಿಯಿತು. ಬಟ್ಟೆ ಬಿಡಿಸಿದಾಗ ಕಾಗದದ ಹಿಂಬದಿಯಲ್ಲಿ ಕರಡಿನ ಗೆರೆಗಳು ಕಂಡುಬಂದವು. ನಕಾಶೆಗಾರನು ಮೊದಲು ದಾರಿಗಳನ್ನು ಎಳೆಯಲಾರಂಭಿಸಿ, ಬಳಿಕ ಕಾಗದವನ್ನು ಮಗುಚಿ ಹೊಸದಾಗಿ ಎಳೆದಿದ್ದಂತೆ ತೋರುತ್ತದೆ.

ರಾಜನಿಗೂ ಪುಸ್ತಕ ಕೊಡದ ಆ ಸಂಸ್ಥೆಯು 2015ರಲ್ಲಿ ತನ್ನ ವೆಸ್ಟನ್ ಕಟ್ಟಡವನ್ನು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ 2019ರ ಜುಲೈಯಿಂದ 2020ರ ಮಾರ್ಚಿಯವರೆಗೆ ನಕಾಶೆಗಳದೇ ಒಂದು ದೊಡ್ಡ ಪ್ರದರ್ಶನವು ನಡೆಯಿತು. ಪ್ರವೇಶಕ್ಕೆ ಹಣವಿಲ್ಲ, ವಿದ್ವಾಂಸನೆಂಬ ಗುರುತಿನ ಚೀಟಿಯೂ ಬೇಡ. ಚರ್ಮದ ಮೇಲೆ ಬರೆದ ಬ್ರಿಟನ್ನಿನ ಗಾಫ್ ನಕಾಶೆಯೂ ಅಲ್ಲಿತ್ತು. ಪೂರ್ವದಿಕ್ಕನ್ನು ಮೇಲಕ್ಕಿಟ್ಟುಕೊಂಡಿರುವ ಆ ನಕಾಶೆಯನ್ನು ರಿಚರ್ಡ್ ಗಾಫನು 1774ರಲ್ಲಿ ಹರಾಜಿನಲ್ಲಿ ಎರಡೂವರೆ ಷಿಲ್ಲಿಂಗಿಗೆ ಕೊಂಡಿದ್ದನು. ಅದರ ಬೆಲೆ ಕಟ್ಟಲು ಇಂದು ಯಾರೂ ಧೈರ್ಯಮಾಡರು.

ಚೀನೀ ನಕಾಶೆಯ ಮುಂದೆ ನಿಲ್ಲುವ ಹಿಂದುಸ್ಥಾನದವನು ಪಶ್ಚಿಮದ ಅಂಚನ್ನು ತಪ್ಪದೆ ನೋಡಬೇಕು. ಅಲ್ಲಿ ಅರಬ್ಬೀ ಸಮುದ್ರಕ್ಕೆ ಸ್ಥಳವಿಲ್ಲ. ಆದುದರಿಂದ ನಕಾಶೆಗಾರನು ಚಿತ್ರ ಬಿಟ್ಟು ಅಕ್ಷರಗಳನ್ನು ಹಿಡಿದಿದ್ದಾನೆ: ಕಲ್ಲಿಕೋಟೆಯಿಂದ ಏಡನ್ನಿಗೆ, ಧೋಫಾರಿಗೆ, ಹೊರ್ಮುಜಿಗೆ ಹೋಗುವ ಹಡಗು ಯಾವ ದಿಕ್ಕು ಹಿಡಿಯಬೇಕೆಂಬುದನ್ನು ಒಂದು ಚೌಕಟ್ಟಿನೊಳಗೆ ಬರೆದಿಟ್ಟಿದ್ದಾನೆ. ಚೀನದ ನೌಕಾಧಿಪತಿ ಚೆಂಗ್ ಹೋನ ಪಡೆಯು ಕಲ್ಲಿಕೋಟೆಗೆ ಬಂದು ಆಗಲೇ ಎರಡು ಶತಮಾನಗಳಾಗಿದ್ದವು. ಆದರೂ ಆ ದಾರಿಯ ಲೆಕ್ಕವನ್ನು ಚೀನದ ನಾವಿಕರು ಬಿಟ್ಟಿರಲಿಲ್ಲ. ನಕಾಶೆಯೊಡನೆ ಬಂದ ದಿಕ್ಸೂಚಿಯಾದರೋ ಈಗ ಅದರ ಜತೆಯಲ್ಲಿಲ್ಲ. ವೆಸ್ಟನ್ ಕಟ್ಟಡದ ಎದುರಿಗೆ, ಬೀದಿಯ ಆಚೆಗಿರುವ ವಿಜ್ಞಾನೇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ.