ಮೈಸೂರಿನ ಮೂವರು ಸ್ತ್ರೀಯರ ಮುಖಭಾವ

ಸೆರೆಮನೆಯಲ್ಲಿ ಪಾನದಾಯಕ, ಭಕ್ಷ್ಯಕಾರರ ಮುಖ ಬಾಡಿರುವುದನ್ನು ಕಂಡ ಯೋಸೇಫನು ಕಾರಣವನ್ನು ಊಹಿಸಲಿಲ್ಲ. ಅವರನ್ನೇ ಕೇಳಿದನು (ಆದಿಕಾಂಡ 40). ಚಿತ್ರಪಟದ ಮುಂದೆ ನಿಂತವರಿಗೆ ಆ ಅನುಕೂಲವಿಲ್ಲ.

ಐರಿಷ್ ಕಲಾವಿದ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಮೈಸೂರಿನಲ್ಲಿ ರಚಿಸಿದ ತೈಲಚಿತ್ರವೊಂದರಲ್ಲಿ ಆಭರಣಭೂಷಿತರಾದ ಮೂವರು ಸ್ತ್ರೀಯರಿದ್ದಾರೆ. ಇವರನ್ನು ಬಹುಕಾಲ ನರ್ತಕಿಯರು, ಗಣಿಕೆಯರು ಎಂದೇ ಭಾವಿಸಲಾಗಿತ್ತು. ಗೋಷಾದಲ್ಲಿರಬೇಕಾದ ಅರಮನೆಯ ಹೆಣ್ಣುಮಕ್ಕಳು ಪರದೇಶದ ಗಂಡಸಿನೆದುರು ಹೀಗೆ ನಿಂತಾರೆಯೇ ಎಂಬುದು ತರ್ಕ. ಆದುದರಿಂದ ಅವರ ನಿಸ್ಸಂಕೋಚವು ನಿರ್ಲಜ್ಜೆಯಾಗಿ ಕಂಡಿತು.

ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆ ವಿವರಣೆ ಕೊಟ್ಟರು. ಇಕ್ಕೆಲದಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು. ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಬಲಗಡೆಯ ಕಿರಿಯವಳು ಸೆರಗು ಸರಿಸಿ ಎಡತೋಳಿನಲ್ಲಿ ಸಿಡುಬಿನ ಲಸಿಕೆ (ನಮ್ಮ ಹಿರಿಯರ ಮಾತಿನಲ್ಲಿ ದಾಕು) ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳ ಬಾಯಿಯ ಸುತ್ತ ಬಣ್ಣ ಮಾಸಿರುವುದು, ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಹಳೆಯ ಕ್ರಮದ ಗುರುತು. ಹೊಸ ಲಸಿಕೆಗೆ ಜನರ ಒಪ್ಪಿಗೆ ಗಳಿಸಲು ಈ ಚಿತ್ರ ಸಿದ್ಧವಾಯಿತೆಂಬುದು ಅವರ ವಾದ. ಅನುಮಾನದ ಮೇಲೆ ನಿಂತ ವಾದವಾದರೂ ಕೈಯ ಭಂಗಿಗೆ ಇದು ಅರ್ಥ ಕೊಡುತ್ತದೆ, ನಮಗೆ ಒಪ್ಪಿಗೆಯಾಗಿದೆ.

ಒಪ್ಪದಿರುವುದು ಮುಂದಿನ ಹೆಜ್ಜೆಯನ್ನು. ರಾಣಿಯೆಂದು ತಿಳಿದೊಡನೆ ಅದೇ ಮುಖದಲ್ಲಿ ಧೈರ್ಯವನ್ನೂ ವಿಜ್ಞಾನದ ಮೇಲಿನ ಭರವಸೆಯನ್ನೂ ಓದತೊಡಗುತ್ತೇವೆ. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಐದು ವರ್ಷದ ಬಾಲಕನನ್ನು ಸಿಂಹಾಸನದಲ್ಲಿ ಕುಳ್ಳಿರಿಸಿದ್ದು ಕಂಪನಿ. ಚಿತ್ರದ ಕಾಲಕ್ಕೆ ದೊರೆಗೆ ಹನ್ನೊಂದು ವರ್ಷ. ಅವನ ಎಳೆಯ ಪತ್ನಿಗೆ ಬೇಡವೆನ್ನುವ ಸ್ವಾತಂತ್ರ್ಯವಿತ್ತೇ? ಅದೂ ಲಸಿಕೆಯ ರಸವು ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ಸಾಗುತ್ತಿದ್ದ ಕಾಲ. ಯಾವ ಜಾತಿಯವರ ಮೈಯಿಂದ ಬಂದಿತೋ ಎಂಬ ಅಂಜಿಕೆ ಮನೆಮನೆಯಲ್ಲಿತ್ತು. ಆ ಮುಖದಲ್ಲಿರುವುದು ಧೈರ್ಯವೋ, ವಿಧೇಯತೆಯೋ, ಬಹಳ ಹೊತ್ತು ನಿಂತ ಆಯಾಸವೋ? ಕೈ ಏನನ್ನು ತೋರಿಸುತ್ತದೆಂದು ಹೇಳಬಹುದು. ಮನಸ್ಸು ಏನೆಂದಿತೆಂದು ಹೇಳಲಾಗದು. ಗಣಿಕೆಯೆಂದವರೂ ವೀರರಾಣಿಯೆಂದವರೂ ಮೊದಲು ಹೆಸರಿಟ್ಟು ಬಳಿಕ ಮುಖ ನೋಡಿದವರೇ. ನಮ್ಮ ಸಭಾಂಗಣಗಳಲ್ಲಿ ತೂಗುಹಾಕಿದ ಮಿಷನರಿಗಳ ಬಿಗಿದ ತುಟಿಗಳಲ್ಲಿ ಭಕ್ತಿಯನ್ನು ಕಾಣುವ ನಾವೂ ಈ ಮಾತಿಗೆ ಹೊರತಲ್ಲ.

ಭಾರತದಲ್ಲಿ ಈ ಲಸಿಕೆ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ. ದೇಶದ ಇತರ ಊರುಗಳಿಗೆ ಲಸಿಕೆ ಹರಡಿದ್ದು ಅವಳಿಂದ ತೆಗೆದ ರಸದ ಸರಪಣಿಯಿಂದ. ಅವಳು ಅತ್ತಳೇ ಎಂದು ಕೇಳುವವರು ಕಡಿಮೆ.