ಅತ್ತಿತ್ತ ಸರಿದಾಡುವ ಕಣ್ಣು

ಫ್ರಾನ್ಸೀನ್ ಶಪಿರೊ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಾರ್ಡಿಯ ಕವಿತೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. 1979ರಲ್ಲಿ ಕ್ಯಾನ್ಸರ್ ಇರುವುದು ತಿಳಿಯಿತು. ಆ ಪ್ರಬಂಧ ಮುಗಿಯಲೇ ಇಲ್ಲ. ಸಾಹಿತ್ಯ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರ ಓದಿದರು. ಅರ್ಧಕ್ಕೆ ನಿಂತ ಪ್ರಬಂಧ ಎಂದರೆ ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ಎದೆ ಝಲ್ಲೆನ್ನುತ್ತದೆ. ಇಎಂಡಿಆರ್ ಎಂಬ ಕಣ್ಣಿನ ಚಲನೆಯ ಚಿಕಿತ್ಸೆಯ ಚರಿತ್ರೆ ಮಾತ್ರ ಅಲ್ಲಿಂದಲೇ ಶುರುವಾಗುತ್ತದೆ.

1987ರಲ್ಲಿ ಪಾರ್ಕೊಂದರಲ್ಲಿ ನಡೆಯುತ್ತಿದ್ದಾಗ, ಕಾಡುವ ಯೋಚನೆಗಳ ಕಾವು ತಾನಾಗಿ ಇಳಿಯಿತು, ಆ ಹೊತ್ತಿಗೆ ಕಣ್ಣುಗಳು ಅತ್ತಿತ್ತ ಸರಿದಾಡುತ್ತಿದ್ದವು ಎಂದು ಶಪಿರೊ ಹೇಳಿಕೊಂಡರು. (ತನ್ನ ಕಣ್ಣಿನ ಚಲನೆ ತನಗೇ ಗೊತ್ತಾಗುತ್ತದೆಯೇ ಎಂದು ಆಮೇಲೆ ಕೇಳಿದವರುಂಟು. ನ್ಯೂಟನ್ನನ ಸೇಬಿನ ಕಥೆಯನ್ನು ಓದುವಷ್ಟೇ ಎಚ್ಚರದಿಂದ ನಾನು ಇದನ್ನೂ ಓದುತ್ತೇನೆ.) 1989ರಲ್ಲಿ 22 ಜನರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಅವರಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದವರಿದ್ದರು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡ ಒಂದು ಕಾಯಿಲೆಯಾಗಿ ಸೇರಿ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ.

ವಿಧಾನ ನೋಡಲು ತೀರಾ ಸರಳ. ಚಿಕಿತ್ಸಕರು ಎರಡು ಬೆರಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾರೆ. ಎದುರು ಕೂತವರು ತಮ್ಮನ್ನು ಕಾಡುವ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದು, ತಲೆ ಅಲ್ಲಾಡಿಸದೆ, ಕಣ್ಣಿನಿಂದಲೇ ಬೆರಳನ್ನು ಹಿಂಬಾಲಿಸುತ್ತಾರೆ. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ಈಗ ಏನು ಬಂತು ಮನಸ್ಸಿಗೆ ಎಂದು ಕೇಳುತ್ತಾರೆ. ಮತ್ತೆ ಬೆರಳು. ನಡೆದದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಬೇಕಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಹೊತ್ತು ಬಂದವರಿಗೆ ಇದು ಸಣ್ಣ ಸಂಗತಿಯಲ್ಲ.

ವಿದ್ವಾಂಸರು ಸುಮ್ಮನಿರಲಿಲ್ಲ. 1999ರಲ್ಲಿ ಹಾರ್ವರ್ಡಿನ ರಿಚರ್ಡ್ ಮೆಕ್‌ನಾಲಿ ಇದನ್ನು ಹದಿನೆಂಟನೇ ಶತಮಾನದ ಮೆಸ್ಮರನ ಅಯಸ್ಕಾಂತ ಚಿಕಿತ್ಸೆಗೆ ಹೋಲಿಸಿ ಬರೆದರು. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಾವಾಸಿಯೆ ಇದ್ದ ಫ್ರಾನ್ಸಿನ ರಾಜ ಆಯೋಗ, ಅಯಸ್ಕಾಂತದ ದ್ರವವೂ ಇಲ್ಲ ಏನೂ ಇಲ್ಲ, ಎಲ್ಲ ಕಲ್ಪನೆಯ ಪ್ರಭಾವ ಎಂದು ತೀರ್ಪು ಕೊಟ್ಟಿತ್ತು. ಹೋಲಿಕೆ ಚುರುಕಾಗಿದೆ. ಆದರೆ ಬರೀ ಕಲ್ಪನೆ ಮೈಯನ್ನು ಅಷ್ಟು ನಡುಗಿಸುವುದಾದರೆ ಆ ಕಲ್ಪನೆ ಎಂಥದ್ದು ಎಂಬ ಪ್ರಶ್ನೆಯನ್ನು ಆ ಆಯೋಗ ಅಲ್ಲಿಗೇ ಬಿಟ್ಟಿತು ಎನ್ನುವುದು ನನ್ನ ತಕರಾರು.

ಇಎಂಡಿಆರ್ ವಿಷಯದಲ್ಲಿ ಹಾಗೆ ಬಿಡಲಿಲ್ಲ. ಕಣ್ಣು ಆಡಿಸಿ ನೋಡಿದರು, ಆಡಿಸದೆಯೂ ನೋಡಿದರು. ಅಧ್ಯಯನಗಳನ್ನು ಒಟ್ಟುಗೂಡಿಸಿದ 2001ರ ವಿಶ್ಲೇಷಣೆಗೆ ಕಣ್ಣಿನ ಚಲನೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. 2013ರ ಇನ್ನೊಂದಕ್ಕೆ ಕಂಡಿತು. ಈಗ ಹೆಚ್ಚು ಜನ ಒಪ್ಪುವ ವಿವರಣೆಯಲ್ಲಿ ಪವಾಡವೇನಿಲ್ಲ: ತಕ್ಷಣದ ಕೆಲಸಕ್ಕೆ ಬೇಕಾದ ನೆನಪಿನ ಜಾಗ ಚಿಕ್ಕದು. ಬೆರಳನ್ನೂ ನೋಡುತ್ತ ಹಳೆಯ ದೃಶ್ಯವನ್ನೂ ಹಿಡಿದರೆ ದೃಶ್ಯ ಮಸುಕಾಗುತ್ತದೆ. ಮಸುಕಾದದ್ದೇ ಮತ್ತೆ ನೆನಪಿಗೆ ಸೇರುತ್ತದೆ. ಘಟನೆ ಮರೆಯುವುದಿಲ್ಲ, ಅದರ ಇರಿತ ಕಡಿಮೆಯಾಗುತ್ತದೆ. 2013ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಆಘಾತೋತ್ತರ ಒತ್ತಡಕ್ಕೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ತರಬೇತಿ ಪಡೆದವರ ಕೈಯಲ್ಲೇ ಆಗಬೇಕಾದ ಕೆಲಸ ಇದು, ವಿಡಿಯೊ ನೋಡಿ ಮಾಡಿಕೊಳ್ಳುವಂಥದ್ದಲ್ಲ.

ಶಪಿರೊ 2019ರ ಜೂನ್‌ನಲ್ಲಿ ತೀರಿಕೊಂಡರು. ಅದಕ್ಕೆ ಕೆಲವೇ ತಿಂಗಳ ಮುಂಚೆ ದಕ್ಷಿಣ ಕೊರಿಯಾದ ವಿಜ್ಞಾನಿಗಳು, ಭಯ ಕಲಿತ ಇಲಿಗಳ ಎಡಬಲಕ್ಕೆ ಬೆಳಕನ್ನು ಸರಿದಾಡಿಸಿ, ಆ ಭಯ ತಗ್ಗುವ ಮೆದುಳಿನ ದಾರಿಯೊಂದನ್ನು ಗುರುತಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು.